ಪೀಣ್ಯದ ಮೂರು ಕಾರುಗಳು

ನಮ್ಮ ಮಾವನವರು ನನ್ನ ಜೊತೆ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು ಒಂದು ಕಾರಿನ ವಿಷಯಕ್ಕೆ. ಆ ಕಾರನ್ನು ಆಗ ನಮ್ಮಿಬ್ಬರಲ್ಲಿ ಯಾರೂ ಕಣ್ಣಿಂದ ನೋಡಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊಸೂರು ರಸ್ತೆಯ ಬೊಮ್ಮನಹಳ್ಳಿಯವಳು. ರಾಗಿ, ಅವರೆ, ತರಕಾರಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಊರಿನ ಇನ್ನೊಂದು ತುದಿಗೆ, ಪೀಣ್ಯದ ಪಕ್ಕದ ಬಡಾವಣೆಗೆ ಬಂದಿದ್ದೆ. ಅಲ್ಲೇ ಒಂದು ಸಣ್ಣ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಕೆಲಸ ಸಿಕ್ಕಿತ್ತು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹರಡಿ, ಅದೇ ಗೆರೆಗಳನ್ನು ಕಪ್ಪು ಇಂಕಿನಲ್ಲಿ ತಿದ್ದಬೇಕು. ಕೈ ನನ್ನದು, ಯೋಚನೆ ಬೇರೆಯವರದು.

ಮಾವನವರು ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ದುಡಿದು ಹೊಸದಾಗಿ ನಿವೃತ್ತರಾಗಿದ್ದರು. ಬೇರೆಯವರು ಮಾಡಿದ ಭಾಗಗಳನ್ನು ಅಳೆದು, ಇದು ಸರಿ, ಇದು ಸರಿಯಿಲ್ಲ ಎಂದು ಹೇಳುವುದೇ ಅವರ ಇಡೀ ನೌಕರಿ. ಮನೆಯಲ್ಲಿ ಹಾಗೆ ಹೇಳಲು ಹೆಚ್ಚು ಅವಕಾಶವಿರಲಿಲ್ಲ. ಅತ್ತೆಯ ಚಪಾತಿ ಒಂದು ಕಡೆ ದಪ್ಪ ಎಂದು ಒಮ್ಮೆ ಹೇಳಿ, ಒಂದು ವಾರ ಚಪಾತಿಯೇ ಇಲ್ಲದೆ ಕಳೆದಿದ್ದರಂತೆ. ಪೇಪರ್ ಓದುವುದು, ಸ್ಕೂಟರ್ ಒರೆಸುವುದು, ಮತ್ತೆ ಪೇಪರ್ ಓದುವುದು. ನನ್ನನ್ನು ಕಂಡರೆ "ಆಫೀಸಿಗೆ ಹೊರಟ್ಯಾ ಅಮ್ಮ" ಎನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ನನಗೂ ಅವರೆದುರು ನಿಲ್ಲಲು ಸಂಕೋಚ.

ಸುದ್ದಿ ತಂದವರು ನಮ್ಮ ಮನೆಯವರು. ಅವರ ಫ್ಯಾಕ್ಟರಿ ಬಸ್ಸಿನಲ್ಲಿ ಕೆಲವು ದಿನಗಳಿಂದ ಅದೇ ಮಾತಂತೆ. ಆ ಕಾಲದಲ್ಲಿ ರಸ್ತೆಯ ಮೇಲೆ ಕಾಣುತ್ತಿದ್ದ ಕಾರುಗಳೇ ಎರಡು ಮೂರು ಜಾತಿಯವು. ಅವನ್ನೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಪೀಣ್ಯದಲ್ಲಿ ಮಾತ್ರ ಫೈಬರ್ ಮೈಯ ಪುಟ್ಟ ಕಾರುಗಳನ್ನು ಮಾಡುವ ಒಂದು ಕಾರ್ಖಾನೆಯಿತ್ತು. ಹಗುರವಾದ, ಗುಂಡು ಗುಂಡಾದ ಆ ಕಾರುಗಳನ್ನು ಜನ ಸಾಬೂನು ಪೆಟ್ಟಿಗೆ ಎಂದು ಗೇಲಿ ಮಾಡುತ್ತಿದ್ದರು. ಅದೇ ಕಾರ್ಖಾನೆ ಈಗ ಗುಟ್ಟಾಗಿ ಮೂರು ರೇಸ್ ಕಾರುಗಳನ್ನು ಮಾಡಿದೆ ಎಂಬುದು ಸುದ್ದಿ. ಎರಡೇ ಬಾಗಿಲು, ಉದ್ದನೆಯ ಮೂತಿ, ಅಮೆರಿಕದಿಂದ ತಂದ ಎಂಟು ಸಿಲಿಂಡರಿನ ಎಂಜಿನ್. ಒಂದು ಕೆಂಪು, ಒಂದು ನೀಲಿ, ಒಂದು ಕಪ್ಪು. ನಂಬರ್ ಪ್ಲೇಟ್ ಇಲ್ಲ. ಮಂತ್ರಿಯ ಮಗನೊಬ್ಬನಿಗಾಗಿ ಮಾಡಿದ್ದು ಎಂದು ಒಬ್ಬರು, ಸಿನಿಮಾದವರಿಗೆ ಎಂದು ಇನ್ನೊಬ್ಬರು, ಮಿಲಿಟರಿಗೆ ಎಂದು ಮತ್ತೊಬ್ಬರು.

ಮಾವನವರು ಪೇಪರಿನಿಂದ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ. "ನೋಡಿದೆ ಅಂದ್ರಲ್ಲ, ಅವ್ರು ಎಲ್ಲಿ ನಿಂತ್ಕೊಂಡು ನೋಡಿದ್ರು?"

ಮಗನಿಗೆ ಅದು ಗೊತ್ತಿರಲಿಲ್ಲ. "ಹಾಗಾದ್ರೆ ಬಿಡು" ಎಂದು ಮಾವನವರು ಮತ್ತೆ ಪೇಪರಿಗೆ ಮರಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೇಳಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಹೇಳಿಯೇಬಿಟ್ಟೆ. ನಾನು ಕಾರನ್ನು ನೋಡಿಲ್ಲ, ಆದರೆ ಸದ್ದು ಕೇಳಿದ್ದೇನೆ ಎಂದೆ. ಹಿಂದಿನ ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ತುಮಕೂರು ರಸ್ತೆಯ ಕಡೆಯಿಂದ ಬಂದ ಸದ್ದು. ಲಾರಿಯದಲ್ಲ, ಬಸ್ಸಿನದಲ್ಲ, ಅಂಬಾಸಿಡರಿನದಂತೂ ಅಲ್ಲವೇ ಅಲ್ಲ. ಹೊಟ್ಟೆಯೊಳಗೆ ಗುಡುಗಿದ ಹಾಗೆ ತಗ್ಗಿನಲ್ಲಿ ಶುರುವಾಗಿ, ಎಳೆದ ತಂತಿಯ ಹಾಗೆ ಮೇಲೇರಿ, ದೂರ ಹೋಗಿತ್ತು. ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಿದ್ದೆ.

ಮಾವನವರು ಪೇಪರ್ ಮಡಿಚಿಟ್ಟರು. ಸದ್ದು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಮಧ್ಯೆ ಗೇರ್ ಬದಲಿಸಿದ ಹಾಗೆ ಕೇಳಿಸಿತೇ, ಒಮ್ಮೆಯೇ ಕೇಳಿಸಿತೇ ವಾಪಸ್ಸು ಬಂದಾಗಲೂ ಕೇಳಿಸಿತೇ, ಹೀಗೆ ಒಂದೊಂದಾಗಿ ಕೇಳಿದರು. ನಾನು ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದದ್ದು ಅವರಿಗೆ ಹಿಡಿಸಿತೆಂದು ಕಾಣುತ್ತದೆ. ಮುಂದಿನ ಭಾನುವಾರ ಬಿಡುವಿದೆಯೇ ಎಂದು ವಿಚಾರಿಸಿದರು.

ಹಾಗೆ ನಮ್ಮ ಹುಡುಕಾಟ ಶುರುವಾಯಿತು. ಮಾವ ಸೊಸೆ ಸ್ಕೂಟರಿನಲ್ಲಿ ಒಟ್ಟಿಗೆ ಹೋಗುವುದನ್ನು ಬೀದಿಯವರು ಮೊದಮೊದಲು ವಿಚಿತ್ರವಾಗಿ ನೋಡಿದರು. ಅತ್ತೆಯೂ ಮುಖ ಗಂಟಿಕ್ಕಿಕೊಂಡರು. ಆದರೆ ನಿವೃತ್ತಿಯ ನಂತರ ಮೊದಲ ಬಾರಿಗೆ ಗಂಡ ಬೆಳಿಗ್ಗೆ ಎದ್ದ ಕೂಡಲೇ ಶೇವ್ ಮಾಡಿಕೊಂಡದ್ದನ್ನು ಕಂಡು ಸುಮ್ಮನಾದರು. ಎರಡನೇ ವಾರದಿಂದ ಚಿತ್ರಾನ್ನ ಕಟ್ಟಿಕೊಡತೊಡಗಿದರು.

ಮಾವನವರ ಕ್ರಮ ಸರಳವಾಗಿತ್ತು. ಕೇಳಿದವರನ್ನು ಬಿಟ್ಟು ನೋಡಿದವರನ್ನು ಹುಡುಕಬೇಕು. ನೋಡಿದೆ ಎಂದವರಲ್ಲಿ ಹೆಚ್ಚಿನವರು, ಒತ್ತಿ ಕೇಳಿದರೆ, ಭಾವಮೈದ ನೋಡಿದ್ದ, ಪಕ್ಕದ ಮನೆಯವರು ನೋಡಿದ್ದರು ಎಂದು ಜಾರಿಕೊಂಡರು. ಕೊನೆಗೆ ಉಳಿದವರು ಮೂವರು. ಕೆಂಪು ಕಾರನ್ನು ನೋಡಿದ್ದು ನಮ್ಮ ಬೀದಿಯ ಕ್ಷೌರದ ಅಂಗಡಿಯವನು, ತಂಗಿಯ ಊರಿನಿಂದ ಸೈಕಲ್ಲಿನಲ್ಲಿ ಬರುವಾಗ. ನೀಲಿಯನ್ನು ನೋಡಿದ್ದು ಒಬ್ಬ ಲಾರಿ ಡ್ರೈವರ್. ಕಪ್ಪನ್ನು ನೋಡಿದ್ದು ಫ್ಯಾಕ್ಟರಿ ಬಸ್ಸಿನ ಡ್ರೈವರ್. ಮೂವರೂ ಬೇರೆ ಬೇರೆ ತಿಂಗಳಲ್ಲಿ ನೋಡಿದ್ದರು. ಮೂವರಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗಿರಲಿಲ್ಲ. ಆದರೆ ಮೂವರೂ ಹೇಳಿದ ಜಾಗ ಹೆಚ್ಚುಕಡಿಮೆ ಒಂದೇ: ಮಾದನಾಯಕನಹಳ್ಳಿಯ ಹತ್ತಿರ, ಎಡಗಡೆಯ ಮಣ್ಣು ರಸ್ತೆಯಿಂದ ಹೊರಬಂದು, ನೆಲಮಂಗಲದ ಕಡೆಗೆ ತಿರುಗಿದ್ದು.

ಕಾರ್ಖಾನೆಯ ಗೇಟಿನಲ್ಲಿ ನಮಗೆ ಏನೂ ಸಿಗಲಿಲ್ಲ. ಇಲ್ಲಿ ಅಂಥದ್ದೇನೂ ಇಲ್ಲ ಎಂದ ಕಾವಲಿನವನು ಮಾವನವರ ಮುಖ ನೋಡದೆ ಸ್ಕೂಟರಿನ ಚಕ್ರ ನೋಡುತ್ತಿದ್ದ. ಇವನಿಗೆ ಗೊತ್ತಿದೆ ಎಂದು ನನಗನ್ನಿಸಿತು, ಮಾವನವರಿಗೂ ಅನ್ನಿಸಿತು.

ಅಲ್ಲಿಂದ ಮುಂದಿನ ದಾರಿ ಸಿಕ್ಕಿದ್ದು ನನಗೆ. ಆಫೀಸು ಬಿಟ್ಟು ಬಸ್ಸಿಗೆ ಕಾಯುವ ಜಾಗದಲ್ಲಿ ಆ ಕಾರ್ಖಾನೆಯ ಹೆಂಗಸರೂ ನಿಲ್ಲುತ್ತಿದ್ದರು. ಅವರನ್ನು ಯಾರು ಬೇಕಾದರೂ ಗುರುತಿಸಬಹುದಾಗಿತ್ತು. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ ಅಂಟು ಬಳಿಯುವ ಕೆಲಸ ಅವರದು; ಆ ನಾರು ಚರ್ಮಕ್ಕೆ ಚುಚ್ಚಿ ಇಡೀ ದಿನ ತುರಿಕೆ. ಬಸ್ಸಿಗೆ ಕಾಯುತ್ತಾ ಎಲ್ಲರೂ ಮೊಣಕೈ ಕೆರೆದುಕೊಳ್ಳುತ್ತಿದ್ದರು. ನಮ್ಮಮ್ಮ ಅವರೆಕಾಯಿ ಸುಲಿದ ಕೈಗೆ ಹಚ್ಚುತ್ತಿದ್ದ ಹರಳೆಣ್ಣೆಯ ಉಪಾಯವನ್ನು ನಾನು ಒಬ್ಬಳಿಗೆ ಹೇಳಿದೆ. ಕೆಲಸಕ್ಕೆ ಹೋಗುವ ಮುಂಚೆಯೇ ಹಚ್ಚಿಕೊಂಡರೆ ಕಡಿಮೆಯಾಗಬಹುದು ಎಂದೆ. ಕೆಲವು ದಿನ ಬಿಟ್ಟು ಅವಳೇ ಬಂದು, ವಾಸಿ ಕಣಕ್ಕ ಎಂದಳು. ಆಮೇಲೆ ಉದ್ದ ಮೂತಿಯ ಕಾರಿನ ವಿಷಯ ಕೇಳುವುದು ಕಷ್ಟವಾಗಲಿಲ್ಲ.

ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. "ಒಂದೇ ಒಂದು ಬಾನೆಟ್ ಮಾಡಿದ್ವಿ ಕಣಕ್ಕ. ನಾವಿಬ್ರು ಅದರ ಮೇಲೆ ಅಡ್ಡ ಮಲಗಿ ಅಂಟು ಬಳೀಬೇಕಿತ್ತು, ಅಷ್ಟುದ್ದ. ತೆಗೆಯುವಾಗ ಅಚ್ಚೇ ಒಡೆದೋಯ್ತು. ಬಾನೆಟ್ಟಿಂದೂ ಎಡಗಡೆ ಮೂಲೆ ಕಿತ್ಕೊಂಡು ಬಂತು. ಅದನ್ನ ಸಾರ್ ಕೈಯಲ್ಲೇ ತೇಪೆ ಹಾಕಿ ತಿದ್ದಿದ್ರು."

ಯಾವ ಸಾರ್ ಎಂದು ಕೇಳುವಷ್ಟರಲ್ಲಿ ಅವಳ ಬಸ್ಸು ಬಂತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಾವನವರಿಗೆ ಇದನ್ನು ಹೇಳಿದೆ. ಅವರು ಜಗಲಿಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಅಚ್ಚು ಒಡೆದಿದ್ದರೆ ಒಂದೇ ಕಾರು ಆಗಿರಬೇಕು. ಆದರೆ ಮೂವರು ನಂಬಿಕಸ್ಥರು ಮೂರು ಬಣ್ಣ ನೋಡಿದ್ದಾರೆ. ಎರಡೂ ನಿಜವಾಗುವುದು ಹೇಗೆ? ಒಬ್ಬರಿಗೆ ಸುಳ್ಳು ಹೇಳುವ ಕಾರಣ ಇರಬಹುದು, ಎಲ್ಲರಿಗೂ ಇರುವುದಿಲ್ಲವಲ್ಲ ಎಂದರು. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಅವರ ಮುಖದಲ್ಲಿ ಅದೇ ಪ್ರಶ್ನೆಯಿತ್ತು. ನನಗೂ ಸಾರಿನ ರುಚಿ ತಿಳಿಯಲಿಲ್ಲ.

ಭಾನುವಾರ ಮಾದನಾಯಕನಹಳ್ಳಿಗೆ ಹೋದೆವು. ಆಗ ಅಲ್ಲಿ ಉಗ್ರಾಣಗಳಿರಲಿಲ್ಲ, ಹೊಲಗಳಿದ್ದವು. ಬಸ್ ಡ್ರೈವರ್ ಹೇಳಿದ ಮಣ್ಣು ರಸ್ತೆಯಲ್ಲಿ ಒಳಗೆ ಹೋದರೆ ಹಿಪ್ಪುನೇರಳೆ ತೋಟದ ಪಕ್ಕ ಒಂದು ಹಳೆಯ ರೇಷ್ಮೆಮನೆ, ಅಂದರೆ ಹುಳು ಸಾಕಲು ಕಟ್ಟಿದ ಉದ್ದನೆಯ ಹೆಂಚಿನ ಕಟ್ಟಡ. ಎದುರಿಗೆ ಒಬ್ಬ ಹೆಂಗಸು ಎಮ್ಮೆಗೆ ನೀರು ಕುಡಿಸುತ್ತಿದ್ದರು. ಇಲ್ಲಿ ಯಾರಾದರೂ ಕಾರು ಇಟ್ಟಿದ್ದರೇ ಎಂದು ಮಾವನವರು ಕೇಳಿದ್ದೇ ತಡ, ಬಹಳ ದಿನದಿಂದ ಯಾರಾದರೂ ಕೇಳಲೆಂದು ಕಾಯುತ್ತಿದ್ದವರ ಹಾಗೆ ಅವರು ಬಕೆಟ್ ಕೆಳಗಿಟ್ಟರು.

"ಅಯ್ಯೋ ಅದರ ಕತೆ ಯಾಕೆ ಕೇಳ್ತೀರ ಸಾಮಿ. ಅದು ಒಂದು ಕಿತ ಗುರ್ ಅಂದ್ರೆ ನಮ್ ಎಮ್ಮೆ ಹಾಲೇ ಕೊಡ್ತಿರ್ನಿಲ್ಲ. ಒಳ್ಳೆ ಮನುಸ ಅವಯ್ಯ, ಬಂದಾಗೆಲ್ಲ ಅವ್ರ ಮಾವನ ತೋಟದ್ದು ಸೀಬೆಹಣ್ಣು ತಂದ್ಕೊಡೋನು. ಆದ್ರೂ ಎಮ್ಮೆ ಕೆಚ್ಚಲು ಬತ್ತೋದ್ರೆ ನಾನೇನು ತಿನ್ಲಿ? ಇಂಗೆ ಆದ್ರೆ ಆಗಾಕಿಲ್ಲ, ಎತ್ಕಂಡೋಗಪ್ಪ ಅಂದೆ. ಎತ್ಕಂಡೋದ."

ಎಷ್ಟು ಕಾರುಗಳಿದ್ದವು ಎಂದು ಕೇಳಿದೆ. ತಾನು ಒಳಗೆ ಹೋಗಿ ಎಣಿಸಿದವಳಲ್ಲ, ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು, ಹೊರಗೆ ಬರುವಾಗ ಒಂದೊಂದು ಸಲ ಒಂದೊಂದು ಬಣ್ಣದ್ದು ಬರುತ್ತಿತ್ತು ಎಂದರು. ಹಾಗಾದರೆ ಮೂರೇ ಇರಬೇಕು ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಮಾವನವರು ಒಳಗೆ ನೋಡಬಹುದೇ ಎಂದು ಕೇಳಿದರು. ಅವರು ಸೆರಗಿನಿಂದ ಬೀಗದ ಕೈ ಬಿಚ್ಚಿ ಕೊಟ್ಟರು.

ಒಳಗೆ ಖಾಲಿ. ಹಳೆಯ ಬಿದಿರಿನ ತಟ್ಟೆಗಳು ಒಂದು ಮೂಲೆಯಲ್ಲಿ, ಸೀಮೆಎಣ್ಣೆ ವಾಸನೆ. ನಾನು ನಿರಾಸೆಯಿಂದ ಕಿಟಕಿಯ ಪಡಿ ತೆಗೆದೆ. ಬೆಳಕು ನೆಲಕ್ಕೆ ಬಿತ್ತು. ಆಗ ಮಾವನವರು ಕೈಚಾಚಿ ನನ್ನನ್ನು ಅಲ್ಲೇ ತಡೆದರು. "ಅಲ್ಲೇ ನಿಲ್ಲಮ್ಮ, ತುಳೀಬೇಡ."

ಸಿಮೆಂಟಿನ ನೆಲದ ಮೇಲೆ ಕಾರು ಇತ್ತು. ಕಾರಲ್ಲ, ಕಾರಿನ ಆಕಾರ. ಸ್ಪ್ರೇ ಮಾಡುವಾಗ ಹಾರಿದ ಬಣ್ಣ ಸುತ್ತಲೂ ಮಂಜಿನ ಹಾಗೆ ಕೂತಿತ್ತು. ಕಾರು ನಿಂತಿದ್ದ ಜಾಗ ಮಾತ್ರ ಬಣ್ಣವಿಲ್ಲದೆ ಬೋಳಾಗಿ ಉಳಿದಿತ್ತು. ಉದ್ದನೆಯ ಮೂತಿ, ನಡುವೆ ಸ್ವಲ್ಪ ಕಿರಿದಾದ ಸೊಂಟ, ಹಿಂದೆ ಅಗಲ. ಮೊದಲು ಕೆಂಪು ಮಂಜು, ಅದರ ಮೇಲೆ ನೀಲಿ, ಅದರ ಮೇಲೆ ಕಪ್ಪು. ಪ್ರತಿ ಸಲ ಕಾರು ಸ್ವಲ್ಪ ಆಚೀಚೆ ನಿಂತಿದ್ದರಿಂದ ಮೂರು ಅಂಚುಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದವು.

ನಾವಿಬ್ಬರೂ ನೆಲದ ಮೇಲೆ ಮಂಡಿಯೂರಿದೆವು. ಮಾವನವರು ಜೇಬಿನಿಂದ ಟೇಪು ತೆಗೆದರು. ಅವರು ಅಳತೆ ಹೇಳುತ್ತಾ ಹೋದರು, ನಾನು ಚಿತ್ರಾನ್ನ ಸುತ್ತಿದ್ದ ಕಾಗದದ ಹಿಂಬದಿಯಲ್ಲಿ ಗೆರೆ ಹಾಕುತ್ತಾ ಹೋದೆ. ಉದ್ದ ಮೂರರದೂ ಒಂದೇ, ಅಗಲವೂ ಒಂದೇ. ಅದರಿಂದ ಏನೂ ತೀರ್ಮಾನವಾಗುವುದಿಲ್ಲ, ಒಂದೇ ಅಳತೆಯ ಮೂರು ಕಾರು ಮಾಡಿರಬಹುದಲ್ಲ ಎಂದು ಅವರು ಗೊಣಗಿದರು. ನಾನು ಮುಂದಿನ ಮೂಲೆಗಳನ್ನು ನೋಡುತ್ತಿದ್ದೆ. ಬಲಗಡೆಯ ಮೂಲೆ ಚೂಪಾಗಿ ತಿರುಗಿತ್ತು. ಎಡಗಡೆಯದು ಮೊಂಡಾಗಿತ್ತು, ಕೈಯಿಂದ ತಿದ್ದಿದ ಹಾಗೆ. ಕೆಂಪಿನಲ್ಲೂ ಮೊಂಡು, ನೀಲಿಯಲ್ಲೂ ಮೊಂಡು, ಕಪ್ಪಿನಲ್ಲೂ ಮೊಂಡು.

"ಮಾವ, ಎಡಗಡೆ ಮೂಲೆ ನೋಡಿ" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಮೂರು ಅಂಚುಗಳನ್ನೂ ಒಂದೊಂದಾಗಿ ಸವರಿದರು. ಬಸ್ ಸ್ಟಾಪಿನ ಹೆಂಗಸು ಹೇಳಿದ್ದ ತೇಪೆ. ಒಂದೇ ಕಾರು, ಮೂರು ಸಲ ಬಣ್ಣ ಬದಲಿಸಿದ್ದು. ಅವರು ಎದ್ದು ನಿಂತು, ಮಂಡಿಯ ಧೂಳು ಕೊಡವಿಕೊಂಡು, ನನ್ನನ್ನು ನೋಡಿ ನಕ್ಕರು. ನಾನು ಮದುವೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾರಿನವನು ಯಾವ ಊರಿಗೆ ಹೋದನೆಂದು ಎಮ್ಮೆಯ ಒಡತಿಗೆ ಗೊತ್ತಿತ್ತು. ವೈಟ್‌ಫೀಲ್ಡ್ ಹತ್ತಿರ ಪಟ್ಟಂದೂರು ಅಗ್ರಹಾರ, ಹೆಂಡತಿಯ ತವರು, ಸೀಬೆ ತೋಟ.

ಆ ವಾರ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಅಳತೆಗಳನ್ನೆಲ್ಲ ಒಂದು ಒಳ್ಳೆಯ ಹಾಳೆಯ ಮೇಲೆ ನಕ್ಷೆಯಾಗಿ ಬರೆದೆ. ಅಡಿಯಲ್ಲಿ ಬೇರೆಯವರ ಪೆನ್ಸಿಲ್ ಗೆರೆ ಇಲ್ಲದೆ ನಾನು ಇಂಕಿನ ಪೆನ್ನು ಹಿಡಿದದ್ದು ಅದೇ ಮೊದಲ ಸಲ. ಮೊಂಡು ಮೂಲೆಯನ್ನು ಮೊಂಡಾಗಿಯೇ ಬರೆದೆ.

ಪಟ್ಟಂದೂರು ಅಗ್ರಹಾರಕ್ಕೆ ಸ್ಕೂಟರಿನಲ್ಲಿ ಹೋಗುವುದೆಂದರೆ ಆಗ ಊರನ್ನೇ ಅಡ್ಡ ದಾಟಿದ ಹಾಗೆ. ದಾರಿಯುದ್ದಕ್ಕೂ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಮಧ್ಯೆ ಮಧ್ಯೆ ಇಟ್ಟಿಗೆ ಗೂಡು. ಸೀಬೆ ತೋಟ ಹುಡುಕುವುದು ಸುಲಭವಾಯಿತು. ಹೊರಬಂದವರು ನಲವತ್ತರ ಆಸುಪಾಸಿನ, ತೆಳ್ಳಗಿನ, ಕೆನ್ನೆ ಒಳಹೋದ ಮನುಷ್ಯ. ಯಾವ ಕಾರು, ತಮಗೆ ಗೊತ್ತಿಲ್ಲ, ಯಾರೋ ತಪ್ಪು ಹೇಳಿದ್ದಾರೆ ಎಂದು ಬಾಗಿಲಲ್ಲೇ ಹೇಳಿ ಒಳಗೆ ಹೋಗಲು ತಿರುಗಿದರು. ನಾನು ಹಾಳೆ ಬಿಚ್ಚಿ ಮುಂದೆ ಹಿಡಿದೆ.

ಅವರು ಹಾಳೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಇದು ನಿಮಗೆಲ್ಲಿ ಸಿಕ್ತು? ನಾನು ಇದರ ಡ್ರಾಯಿಂಗೇ ಮಾಡಿಲ್ಲ. ಕಣ್ಣಳತೆಯಲ್ಲೇ ಕಟ್ಟಿದ್ದು."

"ನಿಮ್ಮ ಕಾರೇ ಬರ್ದಿಟ್ಟು ಹೋಗಿದೆ ಸಾರ್, ಮಾದನಾಯಕನಹಳ್ಳಿ ನೆಲದ ಮೇಲೆ" ಎಂದರು ಮಾವನವರು.

ಕಾರಿನವರ ಹೆಂಡತಿ ಕಾಫಿ ತಂದರು. ಕಾಫಿ ಮುಗಿಯುವಷ್ಟರಲ್ಲಿ ಕಥೆಯೆಲ್ಲ ಹೊರಬಂತು. ಪುಟ್ಟ ಕಾರಿನ ಕಾರ್ಖಾನೆಯಲ್ಲಿ ಮೈ ರೂಪಿಸುವ ಕೆಲಸ ಇವರದೇ. ಸಾಬೂನು ಪೆಟ್ಟಿಗೆ ಎಂಬ ಗೇಲಿ ಕೇಳಿ ಕೇಳಿ ಇವರಿಗೂ ಮಾಲೀಕರಿಗೂ ರೋಸಿಹೋಗಿತ್ತಂತೆ. ಒಂದು ಸಲ ಜನ ಬಾಯಿ ಬಿಟ್ಟು ನೋಡುವಂಥ ಕಾರು ಮಾಡೋಣ ಎಂದು ಮಾಲೀಕರೇ ಹೇಳಿದರು. ಎಂಜಿನ್ ಅಮೆರಿಕದ್ದಲ್ಲ, ಎಂಟು ಸಿಲಿಂಡರಿನದೂ ಅಲ್ಲ. ಮಿಲಿಟರಿ ಹರಾಜಿನಲ್ಲಿ ಸಿಕ್ಕ ಹಳೆಯ ಜೀಪಿನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಪುಟ್ಟ ಕಾರಿಗೆ ಮಾತ್ರ ಪರವಾನಗಿ ಇದ್ದದ್ದರಿಂದ ಇದನ್ನು ಕಾರ್ಖಾನೆಯೊಳಗೆ ಇಡುವ ಹಾಗಿರಲಿಲ್ಲ. ಅದಕ್ಕೇ ರೇಷ್ಮೆಮನೆ. ಆಮೇಲೆ ಮಾಲೀಕರ ಉತ್ಸಾಹ ಆರಿತು. ನೀನೇ ಇಟ್ಟುಕೋ, ನನ್ನ ಹೆಸರು ಮಾತ್ರ ಎತ್ತಬೇಡ ಎಂದುಬಿಟ್ಟರು.

ಬಣ್ಣ ಯಾಕೆ ಬದಲಿಸಿದಿರಿ ಎಂದು ನಾನು ಕೇಳಿದೆ. ಅದು ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ.

ಅವರು ನಾಚಿಕೊಂಡ ಹಾಗೆ ನಕ್ಕರು. "ಕೆಂಪಿದ್ದಾಗ ಯಾರೋ ನೋಡ್ಬಿಟ್ರು, ಊರೆಲ್ಲ ಕೆಂಪು ಕಾರು ಅಂತ ಮಾತು. ಸರಿ, ಗುರುತು ಸಿಗಬಾರ್ದು ಅಂತ ನೀಲಿ ಹೊಡ್ದೆ. ಆಗ ಎರಡಿವೆ ಅಂದ್ರು. ಕಪ್ಪು ಹೊಡ್ದೆ, ಮೂರಾಯ್ತು. ಆಮೇಲೆ ನಾನೇ ನಿಲ್ಲಿಸ್ದೆ ಮೇಡಂ. ಮುಚ್ಚಿಡೋಕೆ ಹೋಗಿ ನಾನೇ ಫ್ಯಾಕ್ಟರಿ ನಡೆಸ್ದಂಗಾಯ್ತು."

ಮಾವನವರು ನಗುತ್ತಾ ನಗುತ್ತಾ ಕೆಮ್ಮಿದರು, ಮನೆಯಾಕೆ ನೀರು ತಂದುಕೊಟ್ಟರು.

ಕಾರು ತೋಟದ ಹಿಂದೆ, ಶೀಟಿನ ಮಾಡಿನಡಿ, ಟಾರ್ಪಾಲಿನೊಳಗಿತ್ತು. ಟಾರ್ಪಾಲು ಎಳೆದಾಗ ನನಗೆ ಅನ್ನಿಸಿದ್ದನ್ನು ಹೇಗೆ ಹೇಳಲಿ? ಅಷ್ಟು ದಿನ ಬರೀ ಅಂಚು ಗೊತ್ತಿದ್ದ ವಸ್ತುವಿಗೆ ಒಮ್ಮೆಗೇ ಎತ್ತರ ಬಂದಿತ್ತು. ನಾನು ಊಹಿಸಿದ್ದಕ್ಕಿಂತ ಬಹಳ ಕುಳ್ಳು ಕಾರು, ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ. ಕಪ್ಪು ಬಣ್ಣ ಅಲ್ಲಲ್ಲಿ ಸಿಪ್ಪೆ ಎದ್ದು ಅಡಿಯ ನೀಲಿ ಇಣುಕುತ್ತಿತ್ತು. ಹತ್ತಿರದಿಂದ ನೋಡಿದರೆ ಬಾಗಿಲುಗಳ ಸಂದು ಸಮವಾಗಿರಲಿಲ್ಲ. ಮಾವನವರು ಅದನ್ನು ಖಂಡಿತ ಗಮನಿಸಿದರು, ಆದರೆ ಬಾಯಿ ಬಿಡಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು, ಎಡಗಡೆಯ ಮೊಂಡು ಮೂಲೆಯ ಮೇಲೆ ಕೈಯಿಟ್ಟು, ಚೆನ್ನಾಗಿದೆ ಎಂದರು.

ನಮ್ಮನ್ನು ಕೂರಿಸಿಕೊಂಡು ಕಾರಿನವರು ವೈಟ್‌ಫೀಲ್ಡ್ ರಸ್ತೆಗೆ ಬಂದರು. ಮಾವನವರು ಮುಂದೆ, ನಾನು ಹಿಂದೆ ಬೆನ್ನು ಬಗ್ಗಿಸಿಕೊಂಡು. ಮಹಡಿಯ ಮೇಲೆ ಕೇಳಿದ್ದ ಸದ್ದು ಈಗ ನನ್ನ ಪಕ್ಕೆಲುಬುಗಳೊಳಗಿತ್ತು. ದ್ರಾಕ್ಷಿ ತೋಟದ ಕಲ್ಲುಕಂಬಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಹಿಂದೆ ಸರಿದವು. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಮನಸ್ಸು ಹೇಳುತ್ತಿತ್ತು. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕಾರು ಹುಣಸೆಮರದ ನೆರಳಿನಲ್ಲಿ ನಿಂತಿತು.

ಪ್ರತಿ ಸಲವೂ ಇದೇ ಕಥೆ ಎಂದರು ಅವರು. ಎರಡು ಮೈಲಿ ಹೋಗುವಷ್ಟರಲ್ಲಿ ನೀರು ಕುದಿಯುತ್ತದೆ, ನಿಲ್ಲಿಸಿ ಆರಿಸಿಕೊಂಡೇ ಮುಂದೆ ಹೋಗಬೇಕು. ದೊಡ್ಡ ರೇಡಿಯೇಟರ್ ಹಾಕಿಯೂ ನೋಡಿದ್ದರು. ನಾವು ಮೂವರೂ ಎಂಜಿನ್ ಆರುವುದನ್ನು ಕಾಯುತ್ತಾ ಮರದಡಿ ಕೂತೆವು. ನನ್ನ ನಕ್ಷೆ ಅವರ ತೊಡೆಯ ಮೇಲಿತ್ತು. ನಾನು ಅದನ್ನೂ, ಎದುರಿಗೆ ಬಾನೆಟ್ ತೆರೆದು ನಿಂತ ಕಾರನ್ನೂ ನೋಡುತ್ತಿದ್ದೆ. ಮೂತಿಯ ಮುಂದಿನ ಬಾಯಿ ಮೇಲ್ಗಡೆ ಇತ್ತು, ಚಂದಕ್ಕೆ. ರೇಡಿಯೇಟರ್ ಇದ್ದದ್ದು ಅದರ ಕೆಳಗೆ. ಗಾಳಿ ಒಳಗೆ ಬಂದು ರೇಡಿಯೇಟರಿನ ನೆತ್ತಿ ಸವರಿಕೊಂಡು ಹೊರಟುಹೋಗುತ್ತದಲ್ಲವೇ ಎಂದು ಕೇಳಿದೆ. ಕಾರಿನವರು ತಲೆಯೆತ್ತಿ ನನ್ನನ್ನು ನೋಡಿದರು. ತಪ್ಪು ಹೇಳಿದೆನೇನೋ ಎಂದು ಅಳುಕಾಯಿತು. ಮಾವನವರು ತಮ್ಮ ಜೇಬಿನ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಬರ್ದು ತೋರ್ಸಮ್ಮ."

ಮೂತಿಯ ಕೆಳಗೆ ಅಗಲವಾದ ಇನ್ನೊಂದು ಬಾಯಿ, ಅಲ್ಲಿಂದ ರೇಡಿಯೇಟರಿನವರೆಗೆ ಇಕ್ಕೆಲಗಳಲ್ಲೂ ತಗಡಿನ ಗೋಡೆ, ಗಾಳಿ ಬೇರೆಲ್ಲೂ ಹೋಗದ ಹಾಗೆ. ಬೊಮ್ಮನಹಳ್ಳಿಯಲ್ಲಿ ಪಂಪಿನ ನೀರು ಪಕ್ಕದ ಹೊಲಕ್ಕೆ ನುಗ್ಗದಂತೆ ಕಾಲುವೆಗೆ ಬದು ಕಟ್ಟುವುದನ್ನು ನೋಡಿ ಬೆಳೆದವಳಿಗೆ ಇದು ದೊಡ್ಡ ವಿಚಾರವಾಗಿರಲಿಲ್ಲ. ಆದರೆ ಆ ಮನುಷ್ಯ ಹಾಳೆಯನ್ನು ನೋಡಿ, ಕಾರನ್ನು ನೋಡಿ, ಮತ್ತೆ ಹಾಳೆಯನ್ನು ನೋಡಿದರು.

ಮುಂದಿನ ಎಷ್ಟೋ ಭಾನುವಾರಗಳು ಆ ತೋಟದಲ್ಲೇ ಕಳೆದವು. ಅತ್ತೆಯೂ ಬರತೊಡಗಿದರು, ತೋಟದ ಮನೆಯಾಕೆಗೂ ಅವರಿಗೂ ಉಪ್ಪಿನಕಾಯಿ ಸ್ನೇಹ ಬೆಳೆಯಿತು. ಮೂತಿಗೆ ಗರಗಸ ಹಾಕುವಾಗ ಕಾರಿನವರು ಆಚೆ ತಿರುಗಿ ನಿಂತುಬಿಟ್ಟರು, ಮಾವನವರೇ ಕೊಯ್ದರು. ಹೊಸ ಬಾಯಿ ಸಿದ್ಧವಾದ ಮೇಲೆ ಒಂದು ಬೆಳಿಗ್ಗೆ ಹೊಸಕೋಟೆಯವರೆಗೆ ಹೋಗಿ ಬಂದೆವು. ನೀರು ಕುದಿಯಲಿಲ್ಲ. ವಾಪಸ್ಸು ಬಂದು ಕಾರಿನವರು ಸೀಟಿನಿಂದ ಇಳಿಯದೆ ಸ್ಟೀರಿಂಗ್ ಹಿಡಿದು ಕೂತಿದ್ದರು. ಮಾವನವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಶಾಖ ನೋಡಿ, ತಲೆಯಾಡಿಸಿದರು.

ಆದರೆ ಕಾರು ಓಡಿದರೆ ಸಾಲದು, ಅದಕ್ಕೊಂದು ನಂಬರು ಬೇಕು. ಯಾವ ಕಂಪನಿ ಮಾಡಿದ್ದು ಎಂದು ಕೇಳಿದರೆ ಹೇಳಲು ಹೆಸರಿರಲಿಲ್ಲ. ಮಾಲೀಕರು ತಮ್ಮದಲ್ಲ ಎಂದಾಗಿತ್ತು. ಮಾವನವರು ಹಳೆಯ ಪರಿಚಯದವರನ್ನೆಲ್ಲ ಹಿಡಿದು ಓಡಾಡಿದರು. ಎಲ್ಲರೂ ಕಾರಿನ ಕಥೆಯನ್ನು ಆಸೆಯಿಂದ ಕೇಳಿ, ಕಡೆಗೆ ಕೈಚೆಲ್ಲಿದರು. ಅಷ್ಟರಲ್ಲಿ ಕಾರಿನವರಿಗೆ ಬೇರೆ ಊರಿನಲ್ಲಿ ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊಸೂರು ರಸ್ತೆಯಲ್ಲಿ ಗ್ಯಾರೇಜಿಟ್ಟು ರೇಸಿನ ಗಾಡಿಗಳನ್ನು ಕಟ್ಟುತ್ತಿದ್ದವನೊಬ್ಬ ಎಂಜಿನ್ ಕೊಳ್ಳಲು ಮುಂದೆ ಬಂದ. ಅವನಿಗೆ ಬೇಕಾದದ್ದು ಎಂಜಿನ್ ಒಂದೇ.

ಹಾಗಾಗಿ ಕಾರು ತನ್ನ ಎಂಜಿನ್ನನ್ನು ಬಿಚ್ಚಿಕೊಡಲು ತಾನೇ ಓಡಿಕೊಂಡು ಹೋಯಿತು. ವರ್ತೂರಿನ ಮೇಲೆ ಹೋಗಿ, ದಾರಿಯಲ್ಲಿ ಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದೆ ನಿಲ್ಲಿಸಿದೆವು. ನಮ್ಮಮ್ಮ ಕಣದಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ನಾನು ಹಿಂದಿನ ಸೀಟಿನಿಂದ ತೆವಳಿಕೊಂಡು ಇಳಿಯುವುದನ್ನು ನೋಡಿದರು.

"ಏನವ್ವ ಇದು, ಮೂತಿ ಇಷ್ಟುದ್ದ ಐತೆ, ಕೂತ್ಕಳಾಕೆ ಇಷ್ಟೇ ಜಾಗ?"

ಮಾವನವರು ಅಮ್ಮನಿಗೆ ಕೈ ಮುಗಿದು, ಕಾರಿನ ಮುಂದೆ ಕರೆದುಕೊಂಡು ಹೋಗಿ, ಕೆಳಗಿನ ಬಾಯಿಯನ್ನು ತೋರಿಸಿದರು. "ಇದನ್ನ ಬರ್ದಿದ್ದು ನಿಮ್ಮ ಮಗಳು ಕಣ್ರೀ. ಇದಿಲ್ದಿದ್ರೆ ಗಾಡಿ ಇಲ್ಲೀತನಕ ಬರ್ತಿರ್ಲಿಲ್ಲ."

ಅಮ್ಮ ಬಗ್ಗಿ ಆ ಬಾಯಿಯೊಳಗೆ ಕೈಯಿಟ್ಟು ನೋಡಿ, ಬಿಸಿ ತಾಗಿ ಹಿಂತೆಗೆದುಕೊಂಡರು. ಒಳಗೆ ಹೋಗಿ ನಮ್ಮೆಲ್ಲರಿಗೂ ಮಜ್ಜಿಗೆ ತಂದರು, ನನಗೆ ದೊಡ್ಡ ಲೋಟದಲ್ಲಿ.

ಗ್ಯಾರೇಜಿನಲ್ಲಿ ಎಂಜಿನ್ ಎತ್ತುವುದನ್ನು ನೋಡಲು ನಾವು ನಿಲ್ಲಲಿಲ್ಲ. ಕಾರಿನವರು ಮಾತ್ರ ನಿಂತರು. ಮಾವನವರೂ ನಾನೂ ಬಸ್ಸಿನಲ್ಲಿ ವಾಪಸ್ಸಾದೆವು. ಮೆಜೆಸ್ಟಿಕ್ ಬರುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ, ಆಫೀಸಿನಲ್ಲಿ ಟ್ರೇಸಿಂಗ್ ಸಾಕು, ಡಿಸೈನ್ ಕೆಲಸ ಕಲಿಸಿ ಎಂದು ಕೇಳು, ಸಂಜೆಯ ಡಿಪ್ಲೊಮಾ ತರಗತಿಗೆ ನಾನೇ ಬಿಟ್ಟು ಬರುತ್ತೇನೆ ಎಂದರು. ಕೇಳಿದೆ. ಮೂರು ವರ್ಷ ಸ್ಕೂಟರಿನಲ್ಲಿ ಬಿಟ್ಟು ಬಂದರು.

ಖಾಲಿ ಮೈಯನ್ನು ಗ್ಯಾರೇಜಿನವನು ಅಂಗಡಿಯ ಗುರುತಾಗಿರಲಿ ಎಂದು ರಸ್ತೆಯ ಬದಿಯಲ್ಲಿ ದಿಮ್ಮಿಗಳ ಮೇಲೆ ನಿಲ್ಲಿಸಿದ. ತವರಿಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ಅದು ಕಾಣುತ್ತಿತ್ತು. ಒಂದು ಸಲ ಹೋದಾಗ ಗ್ಯಾರೇಜು ಮುಚ್ಚಿತ್ತು, ಕಾರಿನ ಮೈಯೂ ಇರಲಿಲ್ಲ. ಮನೆಗೆ ಬಂದು ಮಾವನವರಿಗೆ ಹೇಳಿದೆ. ಅಷ್ಟರಲ್ಲಿ ಅವರ ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಸ್ಕೂಟರ್ ಮಾರಿಯಾಗಿತ್ತು.

"ಅಕ್ಕಪಕ್ಕದೋರು ಯಾರಾದ್ರೂ ನೋಡಿರ್ತಾರೆ" ಎಂದು ಎದ್ದು ಷರ್ಟು ಹಾಕಿಕೊಂಡರು.

ಬಸ್ಸಿನಲ್ಲೇ ಹೋದೆವು. ಪಂಚರ್ ಅಂಗಡಿಯವನು ಟೆಂಪೋದಲ್ಲಿ ಯಾರೋ ಆನೇಕಲ್ ಕಡೆಗೆ ಒಯ್ದರು ಎಂದ. ಆನೇಕಲ್ಲಿಗೂ ಹೋಗಿ, ಸಂತೆಬೀದಿಯ ಎರಡು ಗುಜರಿ ಅಂಗಡಿಗಳಲ್ಲಿ ವಿಚಾರಿಸಿದೆವು. ಅವರು ಅಂಥದ್ದು ಬಂದಿಲ್ಲ ಎಂದರು. ಮಾವನವರು ಅಂಗಡಿಯ ಹಿಂದಿನವರೆಗೂ ಹೋಗಿ ತಾವೇ ಒಂದು ಸಲ ನೋಡಿಕೊಂಡು ಬಂದರು. ಆಮೇಲೆ ಕಡಲೆಕಾಯಿ ಕೊಂಡು, ತಿನ್ನುತ್ತಾ, ಬಸ್ಸಿಗೆ ಕಾದೆವು.